ಲ್ಯಾಬ್ ಇಲ್ಲದ ಸೈನ್ಸ್ ಯಾಕೆ ಮಾರಾಯ್ರೆ?

"ಓಪನ್ ಇಲೆಕ್ಟಿವ್‌ಗೆ ಸೈನ್ಸ್‌ನವರ ಆ ಪೇಪರ್ ತಗೊಳ್ಳಿ. ಲ್ಯಾಬ್ ಇಲ್ಲ, ನೋಟ್ಸ್ ಸಿಗುತ್ತೆ, ಇಂಟರ್ನಲ್ಸ್ ಪೂರ್ತಿ ಹಾಕ್ತಾರೆ." ಬಿ.ಎ. ಸೇರಿದ ಹುಡುಗರಿಗೆ ಸೀನಿಯರ್‌ಗಳಿಂದ ಈಗ ಸಿಗುತ್ತಿರುವ ಜ್ಞಾನ ಇಷ್ಟು.

ಹುಡುಗರನ್ನು ಬೈದು ಪ್ರಯೋಜನವಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದದ್ದು ನಾವು ಎಂದು ಸರ್ಕಾರ ಬೆನ್ನು ತಟ್ಟಿಕೊಂಡಿತು. ಆರ್ಟ್ಸ್‌ನವರು ಸೈನ್ಸನ್ನೂ, ಸೈನ್ಸ್‌ನವರು ಆರ್ಟ್ಸನ್ನೂ ಓದಲಿ ಎಂಬ ಆಸೆ ಒಳ್ಳೆಯದೇ. ಆದರೆ ಆ ನೀತಿಯಡಿ ಇದ್ದ ಚೌಕಟ್ಟು ನೋಡಿ: ಮೂರು ಕ್ರೆಡಿಟ್, ವಾರಕ್ಕೆ ಮೂರು ತಾಸು ಥಿಯರಿ, ಪ್ರಾಕ್ಟಿಕಲ್ ಸೊನ್ನೆ. ಈಜು ಕಲಿಸುತ್ತೇವೆ, ನೀರಿಗೆ ಮಾತ್ರ ಇಳಿಯಬೇಡಿ!

ಸುಲಭದ್ದು ಹುಡುಕುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಕಾಲೇಜುಗಳಲ್ಲೂ ಇದೇ ಕಥೆ. ಗಣಿತ ಕಡಿಮೆ ಮಾಡಿದ ಭೌತಶಾಸ್ತ್ರಕ್ಕೆ ಅಲ್ಲಿ 'ಫಿಸಿಕ್ಸ್ ಫಾರ್ ಪೊಯೆಟ್ಸ್' ಅಂತ ಅಡ್ಡಹೆಸರು, ಸಲೀಸಾದ ಭೂವಿಜ್ಞಾನಕ್ಕೆ 'ರಾಕ್ಸ್ ಫಾರ್ ಜಾಕ್ಸ್'. (ಜಾಕ್ ಅಂದರೆ ಸ್ಪೋರ್ಟ್ಸ್ ಕೋಟಾದ ಹುಡುಗ ಅಂತಿಟ್ಟುಕೊಳ್ಳಿ.) ಆದರೂ ಎಷ್ಟೋ ವಿಶ್ವವಿದ್ಯಾಲಯಗಳು ಇತಿಹಾಸದ ವಿದ್ಯಾರ್ಥಿಗೂ ಲ್ಯಾಬ್ ಇರುವ ಒಂದು ಕೋರ್ಸನ್ನು ಕಡ್ಡಾಯ ಮಾಡಿವೆ. ಅವರು ಗಣಿತ ಬಿಟ್ಟು ಲ್ಯಾಬ್ ಉಳಿಸಿಕೊಂಡರು. ನಾವು ಲ್ಯಾಬನ್ನೇ ಬಿಟ್ಟು ವ್ಯಾಖ್ಯೆ ಉರು ಹೊಡೆಸುತ್ತಿದ್ದೇವೆ.

ನಿಜ ಹೇಳಬೇಕೆಂದರೆ ಆರ್ಟ್ಸ್‌ನವರಿಗೆ ಸುಲಭವಾಗಿ ದಕ್ಕುವುದೇ ಲ್ಯಾಬ್. ಬೋರ್‌ವೆಲ್ ನೀರಿನ ಗಡಸುತನ ಅಳೆಯುವ ಪ್ರಯೋಗ ನೋಡಿ. ಫ್ಲಾಸ್ಕಿನಲ್ಲಿ ನೀರು, ಅದಕ್ಕೆ ಬಫರ್, ಚೂರು ಇಂಡಿಕೇಟರ್. ಬ್ಯುರೆಟ್‌ನಿಂದ ಇ.ಡಿ.ಟಿ.ಎ. ದ್ರಾವಣ ಹನಿ ಹನಿಯಾಗಿ ಬೀಳಬೇಕು. ದ್ರಾಕ್ಷಾರಸದಂಥ ಕೆಂಪು ಬಣ್ಣ ನೀಲಿಗೆ ತಿರುಗಿದ ಕ್ಷಣ ನಿಲ್ಲಿಸಬೇಕು. ಕಣ್ಣು ಆಚೀಚೆ ಹೋದರೆ ಹನಿ ಜಾಸ್ತಿಯಾಯಿತು, ಮತ್ತೆ ಮೊದಲಿಂದ. ಅದೇ ನೀರು, ಅದೇ ಕೈ, ಆದರೂ ಎರಡನೇ ಸಲ ಅಂಕಿ ಸ್ವಲ್ಪ ಬೇರೆ ಬರುತ್ತದೆ. ಒಂದಕ್ಕೊಂದು ಹೊಂದುವ ತನಕ ಮಾಡುತ್ತಲೇ ಇರಬೇಕು. ಕೊನೆಗೆ ಮಾಡುವ ಲೆಕ್ಕ ಗುಣಾಕಾರ, ಭಾಗಾಕಾರ ಅಷ್ಟೇ.

ಪತ್ರಿಕೋದ್ಯಮ ಓದುವವರಿಗಂತೂ ಇದು ಅನ್ನದ ಪ್ರಶ್ನೆ. ನಾಳೆ ಪಾವಗಡದ ಕಡೆ ವರದಿಗೆ ಹೋಗುತ್ತೀರಿ, ಅಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ. ತನಕ ಸರಿ, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಸಹಿಸಬಹುದು. ಯಾರೋ 1.6 ಎಂದು ಬರೆದ ಚೀಟಿ ಕೈಗಿಡುತ್ತಾರೆ. ಯಾವ ಬೋರ್, ಯಾವ ತಿಂಗಳು, ಎಷ್ಟು ಸಲ ಅಳೆದಿರಿ ಅಂತ ಕೇಳಲು ನಾಲಿಗೆ ಏಳುತ್ತದೆಯೇ? ಒಂದು ಸಲವಾದರೂ ಕೈಯಾರೆ ಅಳೆದವರಿಗೆ ತಾನಾಗಿ ಏಳುತ್ತದೆ. ಉಳಿದವರು 'ಊರಿನ ನೀರೇ ವಿಷ' ಅಂತಲೋ, 'ಆತಂಕ ಬೇಡ: ಅಧಿಕಾರಿ' ಅಂತಲೋ ಹೆಡ್ಡಿಂಗ್ ಕೊಟ್ಟು ಬಸ್ ಹತ್ತುತ್ತಾರೆ. ಆ ನೀರು ಕುಡಿಯುವವರು ಮಾತ್ರ ಅಲ್ಲೇ ಇರುತ್ತಾರೆ.

ಆರ್ಟ್ಸ್‌ನವರನ್ನು ಬಿಟ್ಟರೆ ಗ್ಲಾಸ್‌ವೇರ್ ಒಡೆದು ಹಾಕುತ್ತಾರೆ ಎನ್ನುವ ಮೇಷ್ಟ್ರುಗಳೇ, ಬಿ.ಎಸ್ಸಿ.ಯವರು ಒಡೆಯುವುದಿಲ್ಲವೇ? ಪಾಠಪಟ್ಟಿಯಲ್ಲಿ ಇಲ್ಲದಿದ್ದರೆ ಬೇಡ, ಸೆಮಿಸ್ಟರಿಗೆ ನಾಲ್ಕು ಶನಿವಾರ ಮಧ್ಯಾಹ್ನ ಬಾಗಿಲು ತೆಗೆಯಿರಿ. ಜೂನಿಯರ್‌ಗಳೇ, ಇಲೆಕ್ಟಿವ್ ಫಾರಂ ತುಂಬುವ ಮೊದಲು ಆ ಡಿಪಾರ್ಟ್‌ಮೆಂಟಿಗೆ ಹೋಗಿ ಕೇಳಿ: "ಸರ್, ಲ್ಯಾಬಿಗೆ ಕರ್ಕೊಂಡು ಹೋಗ್ತೀರಾ?" ಹೂಂ ಅಂದವರ ಪೇಪರ್ ತಗೊಳ್ಳಿ.