ನೀರನ್ನಷ್ಟೇ ಅಲ್ಲ, ಕೆಸರನ್ನೂ ಕೇಳಿ

ವಿದ್ಯಾರ್ಥಿಗಳೇ, ಹೊಳೆಯ ನೀರು ಚೆನ್ನಾಗಿದೆಯೇ ಎಂದು ತಿಳಿಯಲು ಏನು ಮಾಡ್ತೀರಿ? ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸ್ತೀವಿ ಅಂತೀರಿ. ಸರಿ. ಆದರೆ ಆ ಬಾಟಲಿ ಹೇಳುವುದು ಆ ಗಳಿಗೆಯ ಸುದ್ದಿ ಮಾತ್ರ. ರಾತ್ರಿ ಯಾರೋ ಕೊಳಚೆ ಬಿಟ್ಟು, ಬೆಳಗಾಗುವಷ್ಟರಲ್ಲಿ ಅದು ಹರಿದುಹೋಗಿದ್ದರೆ ಬಾಟಲಿಗೆ ಗೊತ್ತಾಗಲ್ಲ. ತಳದ ಕೆಸರಿನ ಹುಳುವಿಗೆ ಗೊತ್ತು. ಅದು ಓಡಿಹೋಗಲಾರದು, ಬಂದದ್ದನ್ನೆಲ್ಲ ಅಲ್ಲೇ ಇದ್ದು ಅನುಭವಿಸಬೇಕು. ಆದ್ದರಿಂದ ನೀರಿನ ಪರೀಕ್ಷೆಯ ಜೊತೆಗೆ ಹುಳುಗಳ ಲೆಕ್ಕವನ್ನೂ ಇಡಬೇಕು, ಅದನ್ನು ಶಾಲೆಯ ಮಕ್ಕಳೇ ಇಡಬಹುದು ಎನ್ನುವುದು ನನ್ನ ಅಭಿಪ್ರಾಯ.

ಇದು ದೊಡ್ಡ ವಿಜ್ಞಾನಿಗಳೂ ಅನುಸರಿಸುವ ದಾರಿ. ಅಂಟಾರ್ಕ್ಟಿಕಾದಲ್ಲಿ ಅಮೆರಿಕದ ಮ್ಯಾಕ್‌ಮರ್ಡೊ ಎಂಬ ಸಂಶೋಧನಾ ಕೇಂದ್ರವಿದೆ. 2003ರಲ್ಲಿ ಶುದ್ಧೀಕರಣ ಘಟಕ ಶುರುವಾಗುವ ತನಕ ಅಲ್ಲಿನ ಕೊಳಚೆ ನೀರು ಸಮುದ್ರಕ್ಕೇ ಸೇರುತ್ತಿತ್ತು. ಪಕ್ಕದ ವಿಂಟರ್ ಕ್ವಾರ್ಟರ್ಸ್ ಕೊಲ್ಲಿಯ ತಳವನ್ನು ಪರೀಕ್ಷಿಸಿದಾಗ ಕೊಳಕನ್ನು ಸಹಿಸುವ ಕೆಲವೇ ಬಗೆಯ ಹುಳುಗಳು ಹೇರಳವಾಗಿ ಸಿಕ್ಕವು. ದಾರದ ಎಳೆಯಂಥ ಕ್ಯಾಪಿಟೆಲ್ಲಾ ಅವುಗಳಲ್ಲೊಂದು. ಶುದ್ಧ ತಳದಲ್ಲಾದರೋ ಬಗೆಬಗೆಯ ಜೀವಿಗಳಿರುತ್ತವೆ. ನೆನಪಿಡಿ: ಹುಳು ಇದೆಯೇ ಎನ್ನುವುದಲ್ಲ, ಎಷ್ಟು ಬಗೆ ಇವೆ ಎನ್ನುವುದೇ ಮುಖ್ಯ ಪ್ರಶ್ನೆ.

ಈಗ ಹಿಮದ ನಾಡಿನಿಂದ ನಮ್ಮ ಕಡೆಗೆ ಬರೋಣ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಮನೆಮಾತು ಕನ್ನಡವಾಗಿರುವ ಕಪ್ಪಿಲಿಯರ್ ರೈತ ಕುಟುಂಬಗಳಿವೆ. ಕಣಿವೆಯ ಭತ್ತ, ದ್ರಾಕ್ಷಿಗೆ ಆಧಾರ 1895ರ ಮುಲ್ಲೈಪೆರಿಯಾರ್ ಅಣೆಕಟ್ಟಿನಿಂದ ಸುರಂಗದ ಮೂಲಕ ಬರುವ ನೀರು. ಸುರುಳಿ ಜಲಪಾತದ ನೀರೂ ಇದೇ ಕಣಿವೆಗೆ ಇಳಿಯುತ್ತದೆ. ಹೊಲ, ಊರುಗಳನ್ನು ದಾಟಿ ಈ ನೀರು ವೈಗೈ ನದಿ ಸೇರಿ, 1959ರ ವೈಗೈ ಅಣೆಕಟ್ಟಿಗೆ ಹೋಗುತ್ತದೆ. ಅಲ್ಲಿಂದ ಮದುರೈ ಜನ ಕುಡಿಯುತ್ತಾರೆ. ಮೇಲಿನವರು ಬಿಟ್ಟದ್ದು ಕೆಳಗಿನವರ ಕೊಡಕ್ಕೆ ಬರುತ್ತೆ, ಅಲ್ವೇ?

ಇಂಥ ಹೊಳೆಯಲ್ಲಿ ಏನು ನೋಡಬೇಕು? ಆಮ್ಲಜನಕ ಚೆನ್ನಾಗಿರುವ ತೊರೆಯ ಕಲ್ಲಿನಡಿ ಮೇಫ್ಲೈ ಮರಿಗಳು ಸಿಗುತ್ತವೆ. ಸಾಮಾನ್ಯವಾಗಿ ಮೂರು ಬಾಲ, ಪಕ್ಕದಲ್ಲಿ ಕಿವಿರು. ಮರಳಿನ ಕಣಗಳಿಂದ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್ ಮರಿಗಳೂ ಇರಬಹುದು. ಚರಂಡಿ ಸೇರುವ ಕಡೆ ಟ್ಯೂಬಿಫೆಕ್ಸ್ ಹೆಚ್ಚುತ್ತದೆ. ಅಕ್ವೇರಿಯಂ ಮೀನಿಗೆ ಹಾಕುವ ಕೆಂಪು ಹುಳು ಅದೇ! ತಲೆ ಕೆಸರಲ್ಲಿ, ಬಾಲ ಮೇಲೆ. ನಮ್ಮ ರಕ್ತದಲ್ಲಿರುವಂತೆ ಅದರಲ್ಲೂ ಹಿಮೋಗ್ಲೋಬಿನ್ ಇರುವುದರಿಂದ ಕಡಿಮೆ ಆಮ್ಲಜನಕದಲ್ಲೂ ಬದುಕುತ್ತದೆ. ಒಂದೆರಡು ಕಂಡರೆ ಗಾಬರಿ ಬೇಡ. ಉಳಿದವೆಲ್ಲ ಮಾಯವಾಗಿ ಇದೊಂದೇ ತುಂಬಿಕೊಂಡರೆ ಯೋಚಿಸಬೇಕು.

ಹಾಗಂತ ಹುಳುವೇ ಎಲ್ಲವನ್ನೂ ಹೇಳಿಬಿಡುತ್ತದೆ ಎಂದಲ್ಲ. ಪಕ್ಕದ ದಿಂಡಿಗಲ್‌ನಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳು ಬಹಳ. ಆ ಕೆಲಸಕ್ಕೆ ಉಪ್ಪು, ಕ್ರೋಮಿಯಂ ಬಳಸುತ್ತಾರೆ. ತ್ಯಾಜ್ಯ ನೀರು ಅಂತರ್ಜಲವನ್ನೂ ಕೆಡಿಸಿದೆ. ತಮಿಳುನಾಡಿನ ಇಂಥ ಕಾರ್ಖಾನೆಗಳ ಮಾಲಿನ್ಯದ ಬಗ್ಗೆ ಸುಪ್ರೀಂ ಕೋರ್ಟ್ 1996ರಲ್ಲಿ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು. ಕ್ರೋಮಿಯಂ ಎಷ್ಟಿದೆ ಎಂದು ಹುಳು ಹೇಳಲಾರದು, ಬಾವಿಯ ಆಳದ ನೀರಿನ ಕಥೆಯೂ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಹುಳು ಮೈ ಬಿಸಿಯಾಗಿದೆ ಎಂದು ಹೇಳುತ್ತೆ. ಯಾವ ಜ್ವರ ಎಂದು ಹೇಳೋದು ರಕ್ತಪರೀಕ್ಷೆ. ಎರಡೂ ಬೇಕಲ್ಲವೇ?

“ಇದು ಪರೀಕ್ಷೆಗೆ ಬರುತ್ತಾ ಸಾರ್?” ಎಂದು ಕೇಳಬೇಡಿ. ನೀವು ಕುಡಿಯೋ ನೀರಿಗೆ ಬರುತ್ತೆ! ಟೀ ಸೋಸುವ ಜರಡಿ, ಬಿಳಿ ತಟ್ಟೆ, ಭೂತಗನ್ನಡಿ, ಒಂದು ನೋಟ್‌ಬುಕ್ ಸಾಕು. ನಿಮ್ಮೂರ ಹೊಳೆಯಲ್ಲಿ ಊರಿಗೆ ಮೊದಲು ಒಂದು ಜಾಗ, ಊರು ದಾಟಿದ ಮೇಲೆ ಒಂದು ಜಾಗ ಗುರುತಿಸಿ. ತಿಂಗಳಿಗೊಮ್ಮೆ ಶಿಕ್ಷಕರ ಜೊತೆ ದಡದಲ್ಲೇ ನಿಂತು, ಕೈಗವಸು ಹಾಕಿ ನೋಡಿ. ಎಣಿಸಿ, ಬರೆದು, ಜೀವಿಗಳನ್ನು ಅಲ್ಲೇ ಬಿಡಿ. ಸೋಪಿನಿಂದ ಕೈ ತೊಳೆಯಿರಿ. ಕಾರ್ಖಾನೆಯ ಚರಂಡಿ ಹತ್ತಿರ ಮಾತ್ರ ಹೋಗಬೇಡಿ. ಒಂದು ವರ್ಷದ ನೋಟ್‌ಬುಕ್ ಹಿಡಿದು ಪಂಚಾಯಿತಿಗೆ ಹೋಗಿ, “ಊರು ದಾಟಿದ ಮೇಲೆ ಮೇಫ್ಲೈ ಯಾಕಿಲ್ಲ?” ಎಂದು ಕೇಳಿದರೆ, ಅದಕ್ಕೆ ಉತ್ತರ ಕೊಡದೆ ಕಳಿಸುವುದು ಸುಲಭವಲ್ಲ.