ಕಾಲು ತೊಳೆಯುವ ನಾಯಕ

ನಾಯಕ ಅಂದ್ರೆ ಯಾರು? ಎತ್ತರದಲ್ಲಿ ನಿಂತು ಕೈ ಬೀಸುವವನೇ? ಕ್ರೈಸ್ತರಲ್ಲಿ ಇದಕ್ಕೆ ಬೇರೆಯದೇ ಉತ್ತರವಿದೆ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಕತೆ ಯೋಹಾನನ ಸುವಾರ್ತೆಯಲ್ಲಿ ಬರುತ್ತೆ. ಅದರ ನೆನಪಿಗೆ ಈಗಲೂ ಪವಿತ್ರ ಗುರುವಾರದಂದು ಚರ್ಚುಗಳಲ್ಲಿ ಪಾದ ತೊಳೆಯುತ್ತಾರೆ.

ಆಚರಣೆ ಸುಲಭ, ಅದರಂತೆ ನಡೆಯೋದು ಕಷ್ಟ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ 12 ಮಂದಿಯ ಕಾಲು ತೊಳೆದರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. ಗಂಡಸರದ್ದು ಮಾತ್ರ ತೊಳೆಯಬೇಕು ಅಂತ ಆಗ ನಿಯಮ. ನಾಯಕನೇ ನಿಯಮ ಮುರಿದರೆ ಹೇಗೆ ಅಂತ ಕೆಲವರು ಗೊಣಗಿದರು. ತಳ್ಳಿಹಾಕುವಂಥ ಪ್ರಶ್ನೆಯಲ್ಲ ಅದು. ಆದರೂ ನನಗನ್ನಿಸೋದು, ನಿಯಮ ಹುಟ್ಟಿದ್ದು ಯಾಕೋ ಅದಕ್ಕೆ ನಿಷ್ಠರಾಗಿರೋದೇ ದೊಡ್ಡದು. 2016ರಲ್ಲಿ ನಿಯಮವೇ ಬದಲಾಯಿತು!

2025ರ ಏಪ್ರಿಲ್ 17ರಂದು, ಕಾಯಿಲೆಯಿಂದ ಬಳಲಿದ್ದ ಅವರಿಗೆ ಕಾಲು ತೊಳೆಯಲು ಆಗಲಿಲ್ಲ. ಆದರೂ ರೋಮಿನ ರೆಜಿನಾ ಚೇಲಿ ಜೈಲಿಗೆ ಹೋಗಿ ಕೈದಿಗಳನ್ನು ಕಂಡು ಬಂದರು. ನಾಲ್ಕೇ ದಿನಕ್ಕೆ ತೀರಿಕೊಂಡರು..

ನಾಯಕನ ಹಿಂದೆ ಎಷ್ಟು ಜನ ಇದ್ದಾರೆ ಅಂತ ಎಣಿಸೋದು ಸಾಕು. ತನಗೇನೂ ಕೊಡಲಾಗದವರ ಮುಂದೆ ಆತ ಎಷ್ಟು ಬಗ್ಗುತ್ತಾನೆ, ಅದನ್ನು ನೋಡೋಣ. ನೀವೇನಂತೀರಿ?