ಧಾರಾವಾಹಿಯ ಅಪ್ಪನಿಗೆ ಲೆಕ್ಕ ಕೇಳೋಣ



ಧಾರಾವಾಹಿ ನೋಡುವ ಹೆಂಗಸರನ್ನು ಹೀಯಾಳಿಸುವುದು ಅನೇಕರಿಗೆ ಒಂದು ಚಟ. ನಾನು ಆ ಸಾಲಿನವಳಲ್ಲ. ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ಕಂಪನಿ ನಾಟಕ ನೋಡುವ ಸೀಮೆ ನಮ್ಮದು. ಗುಳೇದಗುಡ್ಡ, ಇಳಕಲ್ಲಿನ ಮನೆಗಳಲ್ಲಿ ಕಂಡಿಕೆ ಸುತ್ತುವ ಕೈಗಳ ಮುಂದೆ ಈಗ ಟಿ.ವಿ. ಇದೆ. ಕಥೆ ನೋಡುವುದು ತಪ್ಪಲ್ಲ. ಆ ಕಥೆ ಯಾರನ್ನು ಕ್ಷಮಿಸಲು ನಮಗೆ ಕಲಿಸುತ್ತಿದೆ ಎಂದು ಕೇಳದಿರುವುದು ತಪ್ಪು.

2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ನಿಮಗೆಲ್ಲ ಗೊತ್ತು. ನಮ್ಮ ಜಿಲ್ಲೆಯ ತೇರದಾಳದಿಂದ 2013ರಲ್ಲಿ ಗೆದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದ ಉಮಾಶ್ರೀಯವರೇ ಅದರಲ್ಲಿ ಪುಟ್ಟಕ್ಕ. ಮೂರೂ ಹೆಣ್ಣೇ ಹುಟ್ಟಿದವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋಗುತ್ತಾನೆ. ಅವಳು ಮೆಸ್ ನಡೆಸಿ ಮಕ್ಕಳನ್ನು ಓದಿಸುತ್ತಾಳೆ. ಅವಳ ದುಡಿಮೆಯನ್ನು ತೆರೆಯ ಮೇಲೆ ತಂದದ್ದು ದೊಡ್ಡ ಮಾತೇ.

ಆದರೆ ಅಪ್ಪನ ಮಾತೇನು? ಮಗು ಹೆಣ್ಣೋ ಗಂಡೋ ಎಂಬುದು ಗಂಡಸಿನ ವೀರ್ಯಾಣುವಿನಿಂದ ತೀರ್ಮಾನವಾಗುತ್ತದೆ. ಹೆಂಡತಿಯ ಮೇಲೆ ತಪ್ಪು ಹೊರಿಸಿ ಓಡಿಹೋಗುವ ಇಂಥ ಅಪ್ಪಂದಿರು ಎಷ್ಟೋ ಕಥೆಗಳಲ್ಲಿ ಕೊನೆಗೆ ಬಂದು ಕಣ್ಣೀರು ಹಾಕುತ್ತಾರೆ. ನಾವೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತೇವೆ. ಮಹಾಕೂಟದ ಸಮೀಪದ ಒಂದು ಸಂಘದ ಸಭೆಯಲ್ಲಿ ಈ ಮಾತು ಬಂತು. "ಬಂದು ಕಾಲಿಗೆ ಬಿದ್ದಮ್ಯಾಲೆ ಮುಗೀತಲ್ರಿ ಅಕ್ಕಾರ?" ಎಂದಳೊಬ್ಬಳು. ಪಕ್ಕದಲ್ಲಿ ಕೂತ ಹಿರಿಯಳು ಸುಮ್ಮನಿರಲಿಲ್ಲ: "ಇಷ್ಟು ವರ್ಷದ ರೊಟ್ಟಿ ರೊಕ್ಕ ಯಾರು ಕೊಡ್ತಾರವಾ?"

ಮಹಾಕೂಟದ ಹೊಂಡದಲ್ಲಿ ಮಿಂದರೆ ಪಾಪ ಕಳೆಯುತ್ತದೆಂದು ನಂಬುತ್ತೇವೆ. ಸಾಲ ಕಳೆಯುತ್ತದೆಂದು ಯಾರೂ ನಂಬುವುದಿಲ್ಲ. ಅಪ್ಪನಾಗುವುದೂ ಒಂದು ಹೊಣೆಯ ಲೆಕ್ಕ.

ಇನ್ನು ಪ್ರೀತಿಯ ಕಥೆ. ಅದೇ ಧಾರಾವಾಹಿಯಲ್ಲಿ ಬಡ್ಡಿ ಬಂಗಾರಮ್ಮನ ಮಗ ಕಂಠಿ, ತಾನು ಯಾರೆಂಬುದನ್ನು ಮುಚ್ಚಿಟ್ಟು ಸ್ನೇಹಳ ಮನಸ್ಸು ಗೆಲ್ಲುತ್ತಾನೆ. ನಾವು ಅದನ್ನು ತುಂಟತನವೆಂದು ನಗುತ್ತೇವೆ. ನಮ್ಮ ಮಗಳಿಗೇ ಒಬ್ಬ ಹೀಗೆ ಮಾಡಿದರೆ ನಗುತ್ತೇವೆಯೇ? ಬೇಡವೆಂದರೂ ಹಿಂದೆ ಬೀಳುವುದು, ಸುಳ್ಳು ಹೇಳಿ ಒಪ್ಪಿಸುವುದು ಪ್ರೀತಿಯಲ್ಲ. ತಾಳಿ ಬಿದ್ದ ಮೇಲೆ ಎಲ್ಲ ಸರಿಹೋಗುತ್ತದೆ ಎಂಬ ಈ ಪಾಠವನ್ನೇ ಏಟು ತಿನ್ನುವ ಹೆಣ್ಣಿಗೂ ಹೇಳುತ್ತಾರೆ.

ಕಥೆಯಿಂದ ಏನಾಗುತ್ತದೆ ಎನ್ನಬೇಡಿ. ಬ್ರೆಜಿಲ್ ದೇಶದಲ್ಲಿ ಗ್ಲೋಬೊ ವಾಹಿನಿಯ ಧಾರಾವಾಹಿಗಳು ಸಣ್ಣ ಕುಟುಂಬಗಳನ್ನೇ ಹೆಚ್ಚಾಗಿ ತೋರಿಸಿದವು; ಆ ವಾಹಿನಿ ತಲುಪಿದ ಊರುಗಳಲ್ಲಿ ಹೆರಿಗೆಗಳು ಕಡಿಮೆಯಾದವೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಮ್ಮ ದೇಶದಲ್ಲಿ ಕೇಬಲ್ ಟಿ.ವಿ. ಬಂದ ಹಳ್ಳಿಗಳಲ್ಲಿ, ಗಂಡ ಹೊಡೆಯುವುದು ಸರಿ ಎನ್ನುವ ಹೆಂಗಸರೂ, ಗಂಡುಮಗುವೇ ಬೇಕೆನ್ನುವವರೂ ಕಡಿಮೆಯಾದರೆಂದು 2009ರ ಇನ್ನೊಂದು ಅಧ್ಯಯನ ಕಂಡಿತು. ಒಳ್ಳೆಯದನ್ನು ಕಲಿಸಬಲ್ಲ ಪೆಟ್ಟಿಗೆ ಕೆಟ್ಟದ್ದನ್ನೂ ಕಲಿಸಬಲ್ಲದು.

ಆದ್ದರಿಂದ ಕಥೆ ಹೇಳದೆ ಬಿಡುವ ಮಾತನ್ನು ಸಂಘದಲ್ಲಿ ನಾವೇ ಹೇಳೋಣ. ಹಿಂದೂ ಗಂಡಸು ಹೆಂಡತಿ ಬದುಕಿರುವಾಗ, ವಿಚ್ಛೇದನವಿಲ್ಲದೆ ಮತ್ತೊಂದು ಮದುವೆಯಾದರೆ ಅದು ಅಪರಾಧ. ಏಳು ವರ್ಷದವರೆಗೆ ಶಿಕ್ಷೆಯುಂಟು. ಬಿಟ್ಟುಹೋದವನಿಂದ ಹೆಂಡತಿ ಮಕ್ಕಳು ಜೀವನಾಂಶ ಕೇಳಬಹುದು. ಅದನ್ನು ಅರ್ಜಿ ಹಾಕಿದ ದಿನದಿಂದ ಕೊಡಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಂದರೆ ಕಾದ ವರ್ಷಗಳು ನಮ್ಮ ನಷ್ಟ. ಮುಖ್ಯ ಸಂಗತಿ ಮುಚ್ಚಿಟ್ಟು ಮೋಸದಿಂದ ಆದ ಮದುವೆಯನ್ನು, ಮೋಸ ತಿಳಿದ ಒಂದು ವರ್ಷದೊಳಗೆ ರದ್ದುಪಡಿಸಲು ಹಿಂದೂ ವಿವಾಹ ಕಾಯ್ದೆಯಡಿ ಕೋರ್ಟಿಗೆ ಹೋಗಬಹುದು. ಆದರೆ ತಿಳಿದ ಮೇಲೂ ಒಪ್ಪಿ ಕೂಡಿ ಬಾಳಿದರೆ ಆ ದಾರಿ ಮುಚ್ಚುತ್ತದೆ. ಮನೆಯಲ್ಲಿ ಹಿಂಸೆಯಾದರೆ 2005ರ ಕಾಯ್ದೆಯಿದೆ. 181ಕ್ಕೆ ಫೋನ್ ಮಾಡಿ.

ಮುಂದಿನ ಸಭೆಯಲ್ಲಿ ಉಳಿತಾಯದ ಪುಸ್ತಕ ಮುಚ್ಚಿದ ಮೇಲೆ ಹತ್ತು ನಿಮಿಷ ಆ ವಾರದ ಕಥೆಯನ್ನು ಮಾತಾಡಿ. ಒಂದೇ ಪ್ರಶ್ನೆ ಕೇಳಿ: ಅವನು ಅತ್ತದ್ದಾಯಿತು, ಅವಳಿಗೆ ಸಿಕ್ಕಿದ್ದೇನು?